ಮೊದಲು ಹಾಡು, ಆಮೇಲೆ ಗಿಟಾರು

— ಸರ್, ಕಾಲೇಜಿನ ದಿನಗಳಿಂದ ಗಿಟಾರು ನುಡಿಸುತ್ತಾ ಬಂದವನು ನಾನು. ಮೊದಲು ಬ್ಯಾಂಡಿನಲ್ಲಿ ಎಲೆಕ್ಟ್ರಿಕ್, ಆಮೇಲೆ ಪಾಶ್ಚಾತ್ಯ ಶಾಸ್ತ್ರೀಯ ಗಿಟಾರು, ಈಗ ಹೆಚ್ಚಾಗಿ ಸ್ಟುಡಿಯೊ ಕೆಲಸ. ಈ ವಯಸ್ಸಿನಲ್ಲಿ ಫ್ಲಾಮೆಂಕೊ ಹಿಡಿಯಬೇಕು ಅಂತ ಮನಸ್ಸಾಗಿದೆ. ನೀವು ಸೆವಿಲ್‌ನಲ್ಲಿದ್ದು ಕಲಿತವರು, ನೃತ್ಯಕ್ಕೆ ನುಡಿಸಿದವರು. ಎಲ್ಲಿಂದ ಶುರು ಮಾಡಲಿ, ಹೇಳಿ.

— ಯಾವುದನ್ನು ಕೇಳಿ ಮನಸ್ಸಾಯಿತು?

— ಪಾಕೊ ದೆ ಲೂಸಿಯಾ. ‘ಎಂತ್ರೆ ದೋಸ್ ಆಗ್ವಾಸ್’ ಮೊದಲು ಕೇಳಿದ್ದು. ಆಮೇಲೆ 1980ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಾನ್ ಮೆಕ್ಲಾಫ್ಲಿನ್, ಅಲ್ ಡಿ ಮಿಯೋಲಾ ಜೊತೆ ಅವರು ನುಡಿಸಿದ ಕಛೇರಿ. ಅವರಿಬ್ಬರ ಕೈಯಲ್ಲಿ ಪ್ಲೆಕ್ಟ್ರಮ್ ಇತ್ತು, ಇವರು ಬರೀ ಬೆರಳಲ್ಲಿ ಆ ವೇಗ ತೆಗೆದರು. ಅದು ತಲೆಯಿಂದ ಹೋಗಲೇ ಇಲ್ಲ.

— ಬಾಗಿಲು ಒಳ್ಳೆಯದೇ. ಆದರೆ ಬಾಗಿಲಲ್ಲೇ ನಿಂತವರು ಬಹಳ ಜನ. ‘ಎಂತ್ರೆ ದೋಸ್ ಆಗ್ವಾಸ್’ 1973ರ ಧ್ವನಿಮುದ್ರಣ, ಅದೊಂದು ರುಂಬಾ. ನಾಲ್ಕರ ಲೆಕ್ಕ, ಜೊತೆಗೆ ಬೇಸ್, ಬೊಂಗೊ. ಫ್ಲಾಮೆಂಕೊದಲ್ಲಿ ಅತಿ ಹಗುರವಾದ ಮೂಲೆ ಅದು. ಅದಕ್ಕೂ ನಾಲ್ಕು ವರ್ಷ ಮೊದಲೇ ಅದೇ ಪಾಕೊ, ಕಮರೋನ್ ದೆ ಲಾ ಇಸ್ಲಾ ಎಂಬ ಹಾಡುಗಾರನ ಪಕ್ಕ ಕೂತಿದ್ದರು. 1969ರಿಂದ 1977ರವರೆಗೆ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಇಬ್ಬರೂ ಸೇರಿ ಮುದ್ರಿಕೆ ತಂದರು. ಅವನ್ನು ಕೇಳಿದ್ದೀಯಾ?

— ಒಂದೆರಡು ಹಾಡು, ಅಲ್ಲಲ್ಲಿ. ನಿಜ ಹೇಳಬೇಕೆಂದರೆ ಗಿಟಾರು ಬರುವ ಜಾಗಕ್ಕೆ ಕಾಯುತ್ತಿರುತ್ತೇನೆ.

— ನೀನು ಬದಲಾಗಬೇಕಾದ್ದು ಅಲ್ಲಿ. ಬೆರಳಿನ ವಿಷಯ ಆಮೇಲೆ ನೋಡೋಣ. ಪಾಕೊ ಅವರ ಒಬ್ಬ ಅಣ್ಣ ಗಿಟಾರು ವಾದಕ, ಇನ್ನೊಬ್ಬ ಅಣ್ಣ ಹಾಡುಗಾರ. ತಾನೂ ಹಾಡುಗಾರನಾಗಬೇಕೆಂಬ ಆಸೆ ಪಾಕೊ ಅವರಿಗೆ ಕೊನೆಯವರೆಗೂ ಇತ್ತು. ಜಗತ್ತು ಅವರ ಗಿಟಾರಿಗೆ ಕಿವಿಗೊಟ್ಟಿತು, ಅವರ ಕಿವಿ ಮಾತ್ರ ಹಾಡಿನ ಕಡೆಗೇ ಇತ್ತು. ಫ್ಲಾಮೆಂಕೊದಲ್ಲಿ ತೀರ ಹಳೆಯವೆನಿಸುವ ‘ತೊನಾ’, ‘ಮಾರ್ತಿನೇತೆ’ಗಳಿಗೆ ಗಿಟಾರೇ ಇಲ್ಲ. ಕುಲುಮೆಯ ಹಾಡು ಅನ್ನುತ್ತಾರೆ ಮಾರ್ತಿನೇತೆಯನ್ನು. ಬರೀ ಗಂಟಲು, ಹೆಚ್ಚೆಂದರೆ ಅಡಿಗಲ್ಲಿನ ಮೇಲೆ ಸುತ್ತಿಗೆಯ ಸದ್ದು. ಗಿಟಾರು ಹಾಡಿನ ಪಕ್ಕಕ್ಕೆ ಬಂದು ಕೂತದ್ದು ಆಮೇಲೆ, ಅಲ್ಲಿಂದ ಮುಂದಕ್ಕೆ ಬಂದು ಒಂಟಿಯಾಗಿ ನಿಂತದ್ದು ಇನ್ನೂ ಈಚೆಗೆ. ರಾಮೋನ್ ಮೊಂತೋಯಾ 1936ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ ಧ್ವನಿಮುದ್ರಣಗಳು ಒಂಟಿ ಗಿಟಾರಿಗೆ ಒಂದು ಮೈಲಿಗಲ್ಲು. ಆ ಮೊಂತೋಯಾ ಕೂಡ ಬದುಕಿನ ಬಹುಪಾಲು ಹಾಡುಗಾರರಿಗೆ ನುಡಿಸಿದವರೇ.

— ಅಂದರೆ ಪಕ್ಕವಾದ್ಯ.

— ಹೌದು, ನಮ್ಮ ಮಾತಿನಲ್ಲಿ ಅದೇ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಪಿಟೀಲಿನವರು ಹಾಡುಗಾರರ ಉಸಿರು ನೋಡಿಕೊಂಡು ಹೋಗುತ್ತಾರಲ್ಲ, ಅದನ್ನು ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾಗಬೇಕು. ಆಶ್ಚರ್ಯ ಅಂದರೆ ಗಿಟಾರು ಕೈಗೆ ಬಂದ ಕೂಡಲೇ ನಾವು ಅದನ್ನು ಮರೆತುಬಿಡುತ್ತೇವೆ. ಗಿಟಾರು ಅಂದರೆ ಮುಂದೆ ನಿಲ್ಲುವ ವಾದ್ಯ ಅಂತ ರಾಕ್ ಸಂಗೀತ ನಮಗೆ ಕಲಿಸಿಬಿಟ್ಟಿದೆ.

— ಒಪ್ಪಿದೆ ಸರ್. ಆದರೂ ಬೆರಳಿನ ಮಾತು ಬಿಡಲಾರೆ. ಶಾಸ್ತ್ರೀಯ ಗಿಟಾರಿನಲ್ಲಿ ಬಲಗೈಯನ್ನು ಇಷ್ಟು ವರ್ಷ ತಿದ್ದಿದ್ದೇನೆ. ಅದರಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ?

— ಎಡಗೈ ಬಹುಮಟ್ಟಿಗೆ ಬರುತ್ತದೆ. ಬಲಗೈ ಅರ್ಧ ಬರುತ್ತದೆ, ಇನ್ನರ್ಧ ಅಡ್ಡ ಬರುತ್ತದೆ. ನೀನು ಇಷ್ಟು ವರ್ಷ ಬೆರಳನ್ನು ಅಂಗೈ ಕಡೆಗೆ ಮಡಚಿ ತಂತಿ ಮೀಟಿದ್ದೀಯ. ಮಡಚುವ ಸ್ನಾಯುಗಳು ಗಟ್ಟಿಯಾಗಿವೆ. ರಾಸ್ಗೆಯಾದೊ ಅಂದರೆ ಬೆರಳುಗಳನ್ನು ಒಂದರ ಹಿಂದೊಂದು ಹೊರಗೆ ಬಿಡಿಸಿ ತಂತಿಗಳ ಮೇಲೆ ಹಾಯಿಸುವುದು. ಕೇರಂ ಆಡುವಾಗ ಸ್ಟ್ರೈಕರನ್ನು ಚಿಮ್ಮುತ್ತೀಯಲ್ಲ, ಆ ಚಲನೆ. ಕಿರುಬೆರಳು, ಉಂಗುರ, ನಡು, ತೋರುಬೆರಳು, ಹೀಗೆ ನಾಲ್ಕು. ಆಮೇಲೆ ತೋರುಬೆರಳು ಮೇಲಕ್ಕೆ ಹಿಂದಿರುಗಿದರೆ ಐದು. ಈ ಕೆಲಸವೆಲ್ಲ ಮುಂಗೈಯ ಹೊರಬದಿಯ ಸ್ನಾಯುಗಳದ್ದು, ಅವು ನಿನ್ನ ಕೈಯಲ್ಲಿ ಇನ್ನೂ ಮಗುವಿನವು. ನಾಲ್ಕು ಏಟೂ ಒಂದೇ ತೂಕಕ್ಕೆ, ಒಂದೇ ಅಂತರಕ್ಕೆ ಬೀಳಬೇಕು. ಉಂಗುರದ ಬೆರಳು ಸೋಮಾರಿ, ಕಿರುಬೆರಳು ಬಡವ. ನಿಧಾನವಾಗಿ, ಮೆಟ್ರೊನೋಮ್ ಹಾಕಿಕೊಂಡು, ಪ್ರತಿದಿನ ಸ್ವಲ್ಪ. ನೋವು ಬಂದರೆ ನಿಲ್ಲಿಸು. ವರ್ಷಗಟ್ಟಲೆ ನುಡಿಸಿದವರೇ ಇಲ್ಲಿ ಕೈ ಕೆಡಿಸಿಕೊಳ್ಳುವುದು, ಯಾಕೆಂದರೆ ಅವರಿಗೆ ವೇಗದ ಅಭ್ಯಾಸ ಆಗಲೇ ಇರುತ್ತದೆ, ತಾಳ್ಮೆ ಇರುವುದಿಲ್ಲ.

— ಹೆಬ್ಬೆರಳು?

— ಹೆಬ್ಬೆರಳೇ ಈ ವಾದ್ಯದ ಹಳೆಯ ದನಿ. ಶಾಸ್ತ್ರೀಯದಲ್ಲಿ ಅದು ಮಂದ್ರ ಸ್ವರಗಳ ಕಾವಲುಗಾರ, ತಂತಿ ಮೀಟಿ ಗಾಳಿಯಲ್ಲಿ ಏಳುತ್ತದೆ. ಇಲ್ಲಿ ಮಣಿಕಟ್ಟಿನ ಭಾರ ಹೊತ್ತು ತಂತಿಯನ್ನು ಒತ್ತಿ ಬಂದು, ಕೆಳಗಿನ ತಂತಿಯ ಮೇಲೆ ಕೂರುತ್ತದೆ. ರಾಗದ ಸಾಲನ್ನೇ ಹೆಬ್ಬೆರಳು ಹಾಡುತ್ತದೆ. ಅಲ್ಸಾಪುವಾ ಅಂತ ಇನ್ನೊಂದಿದೆ. ಹೆಬ್ಬೆರಳಿನ ಉಗುರೇ ಪ್ಲೆಕ್ಟ್ರಮ್ ಆಗಿ ಕೆಳಕ್ಕೂ ಮೇಲಕ್ಕೂ ಓಡುವುದು. ಶಾಸ್ತ್ರೀಯ ಗಿಟಾರಿನಲ್ಲಿ ಇದಕ್ಕೆ ಸಾಟಿಯಾದದ್ದು ಇಲ್ಲ. ಪಿಕಾದೊ, ಅಂದರೆ ತೋರುಬೆರಳು ನಡುಬೆರಳು ಸರದಿಯಲ್ಲಿ ತಂತಿಗೆ ಒರಗಿ ನುಡಿಸುವ ಓಟ, ನಿನಗೆ ಗೊತ್ತಿರುವುದೇ. ಆದರೆ ಸ್ವರ ಚಿಕ್ಕದಾಗಿ, ಚೂಪಾಗಿ ಬೀಳಬೇಕು. ಟ್ರೆಮೊಲೊ ನಿನಗೆ ನಾಲ್ಕು ಸ್ವರದ್ದು, ಇಲ್ಲಿ ಹೆಬ್ಬೆರಳು ಸೇರಿ ಐದು. ಕೇಳಲು ಸಣ್ಣ ವ್ಯತ್ಯಾಸ. ಕೈಗೆ ಅದು ಬೇರೆ ಭಾಷೆ.

— ಹಾಗಾದರೆ ನನ್ನ ಗಿಟಾರು ಸಾಲದೇ? ಹೊಸದು ಕೊಳ್ಳಬೇಕೇ?

— ಮೊದಲ ವರ್ಷಕ್ಕೆ ನಿನ್ನದೇ ಸಾಕು. ಆದರೆ ಮುಖಹಲಗೆಯ ಮೇಲೆ, ರಂಧ್ರದ ಕೆಳಗೆ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿಕೋ. ಗೋಲ್ಪೆ ಅಂತ ಉಂಗುರಬೆರಳಿನ ಉಗುರಿನಿಂದ ಹಲಗೆಯನ್ನು ತಟ್ಟಬೇಕಾಗುತ್ತದೆ. ಹಾಳೆ ಇಲ್ಲದಿದ್ದರೆ ಸ್ಪ್ರೂಸ್ ಮರ ಸವೆದು ಹಳ್ಳ ಬೀಳುತ್ತದೆ. ಮುಂದೆ ಕೊಳ್ಳುವಾಗ ವ್ಯತ್ಯಾಸ ನಿನಗೇ ತಿಳಿಯುತ್ತದೆ. ಸಾಂಪ್ರದಾಯಿಕ ಫ್ಲಾಮೆಂಕೊ ಗಿಟಾರಿನ ಬೆನ್ನು, ಪಕ್ಕಗಳು ಸೈಪ್ರೆಸ್ ಮರದವು. ಬಿಳಿಚು ಬಣ್ಣ, ಹಗುರ. ಸ್ಪೇನಿನಲ್ಲೇ ಬೆಳೆಯುವ ಮರ, ಹಿಂದೆ ಅಗ್ಗಕ್ಕೆ ಸಿಗುತ್ತಿತ್ತು. ರೋಸ್‌ವುಡ್ ಹಾಕಿದ್ದನ್ನು ‘ನೆಗ್ರಾ’ ಅನ್ನುತ್ತಾರೆ, ಸೈಪ್ರೆಸ್‌ನದ್ದು ‘ಬ್ಲಾಂಕಾ’. ತಂತಿಗಳು ಹಲಗೆಗೂ ಫ್ರೆಟ್‌ಗೂ ತೀರ ಹತ್ತಿರ. ಜೋರಾಗಿ ಹೊಡೆದರೆ ತಂತಿ ಝರ್ ಅನ್ನುತ್ತದೆ. ಶಾಸ್ತ್ರೀಯದವರು ಅದನ್ನು ದೋಷ ಅನ್ನುತ್ತಾರೆ, ಇಲ್ಲಿ ಹಿತಮಿತವಾಗಿದ್ದರೆ ಅದೇ ಗುಣ. ಸ್ವರ ಥಟ್ಟನೆ ಎದ್ದು ಥಟ್ಟನೆ ಅಡಗಬೇಕು. ಯಾಕೆ ಗೊತ್ತೇ? ನೃತ್ಯಗಾರ್ತಿಯ ಪಾದದ ಏಟುಗಳ ನಡುವೆ ಜಾಗ ಇರಬೇಕಲ್ಲ. ದೀರ್ಘವಾಗಿ ಅನುರಣಿಸುವ ಗಿಟಾರು ತಾಳವನ್ನು ಮುಚ್ಚಿಬಿಡುತ್ತದೆ.

— ಆ ತಾಳದ ವಿಷಯಕ್ಕೆ ಬರೋಣ. ಹನ್ನೆರಡರ ಲೆಕ್ಕ ಅಂತ ಓದಿದ್ದೇನೆ. ನಮಗೆ ಆದಿ, ರೂಪಕ, ಮಿಶ್ರಛಾಪು ಗೊತ್ತಿರುವಾಗ ಹನ್ನೆರಡೇನು ಮಹಾ ಅಂದುಕೊಂಡೆ.

— ಎಣಿಸುವುದು ಕಷ್ಟವಿಲ್ಲ. ಎಲ್ಲಿ ಒರಗುವುದು ಅನ್ನುವುದೇ ಕಷ್ಟ. ಈಗ ನನ್ನ ಜೊತೆ ಚಪ್ಪಾಳೆ ತಟ್ಟು. ಒಂದರಿಂದ ಹನ್ನೆರಡು. ಒತ್ತು ಮೂರರಲ್ಲಿ, ಆರರಲ್ಲಿ, ಎಂಟರಲ್ಲಿ, ಹತ್ತರಲ್ಲಿ, ಹನ್ನೆರಡರಲ್ಲಿ. ಒಂದರಲ್ಲಿ ಒತ್ತೇ ಇಲ್ಲ, ನೋಡಿದೆಯಾ? ನಮ್ಮ ಸಮ ಆವರ್ತದ ಬಾಯಲ್ಲಿ ಕೂತಿರುತ್ತದೆ. ಇಲ್ಲಿ ಪ್ರತಿ ಗುಂಪಿನ ಕೊನೆಯಲ್ಲಿ ಭಾರ. ಮೂರು, ಮೂರು, ಎರಡು, ಎರಡು, ಎರಡು. ಇದು ಸೊಲೆಯಾ ಎಂಬ ಹಾಡಿನ ಬಗೆ. ಸ್ವರಮೇಳವೂ ಹಾಗೇ ನಡೆಯುತ್ತದೆ. ಇ ಮೇಜರ್‌ನಲ್ಲಿ ಹೊರಟು ಮೂರಕ್ಕೆ ಎಫ್ ಮುಟ್ಟಿ, ಸುತ್ತಾಡಿ, ಹತ್ತಕ್ಕೆ ಮನೆ ಸೇರುತ್ತದೆ. ಹನ್ನೊಂದು, ಹನ್ನೆರಡು ಉಸಿರಾಟ. ಅನುಭವಿ ವಾದಕರು ಜಾರುವುದು ಈ ಹತ್ತರಲ್ಲಿ. ಆವರ್ತ ಮುಗಿಯುವ ಮೊದಲೇ ವಾಕ್ಯ ಮುಗಿಯಿತಲ್ಲ ಅಂತ ಕೈ ತಡವರಿಸುತ್ತದೆ.

— ಬುಲೆರಿಯಾಸ್?

— ಒತ್ತುಗಳು ಸರಿಸುಮಾರು ಅವೇ, ಎಣಿಕೆ ಮಾತ್ರ ಹನ್ನೆರಡರಿಂದ ಶುರು. ವೇಗ ನಿಮಿಷಕ್ಕೆ 200 ಎಣಿಕೆ ದಾಟುತ್ತದೆ. ಅಷ್ಟು ವೇಗದಲ್ಲಿ ಯಾರೂ ಎಣಿಸುವುದಿಲ್ಲ, ಮೈಯೇ ಎಣಿಸಬೇಕು. ಹೆರೆಸ್ ಊರಿನಲ್ಲಿ ಮದುವೆ, ನಾಮಕರಣಗಳಲ್ಲಿ ಇದೇ ನಡೆಯುವುದು. ಅಲ್ಲಿನ ಮಕ್ಕಳಿಗೆ ಇದನ್ನು ಯಾರೂ ಪಾಠ ಹೇಳಿಕೊಡುವುದಿಲ್ಲ, ದೊಡ್ಡವರು ತಟ್ಟುವ ಚಪ್ಪಾಳೆಯ ನಡುವೆ ಬೆಳೆಯುತ್ತಾರೆ. ಸೆಗಿರಿಯಾ ಮತ್ತೊಂದು ಬಗೆ. ಅದೇ ಹನ್ನೆರಡನ್ನು ಬೇರೆ ಕಡೆಯಿಂದ ಹಿಡಿದರೆ ಎರಡು, ಎರಡು, ಮೂರು, ಮೂರು, ಎರಡು, ಹೀಗೆ ಐದು ಅಸಮ ಹೆಜ್ಜೆ. ಸಾವು, ಸೆರೆಮನೆ, ತಾಯಿಯ ಅಗಲಿಕೆ, ಅಂಥ ಸಂಗತಿಗಳ ಹಾಡು ಅದು. ಅದನ್ನು ಕೊನೆಗಿಟ್ಟುಕೋ. ಮೊದಲು ತಾಂಗೋಸ್, ನಾಲ್ಕರ ಲೆಕ್ಕ. ಆಮೇಲೆ ಸೊಲೆಯಾ. ಸೊಲೆಯಾ ಒಂದು ಹಿಡಿತಕ್ಕೆ ಬಂದರೆ ಅಲೆಗ್ರಿಯಾಸ್, ಬುಲೆರಿಯಾಸ್ ಎರಡಕ್ಕೂ ದಾರಿ ತೆರೆಯುತ್ತದೆ.

— ಬಾಯಲ್ಲಿ ಜತಿ ಹೇಳುವ ಕೊನ್ನಕ್ಕೋಲು ಕಲಿತಿದ್ದರೆ ಸಹಾಯ ಆಗುತ್ತಿತ್ತೇನೋ.

— ಸ್ವಲ್ಪ ಮಟ್ಟಿಗೆ. ಮೆಕ್ಲಾಫ್ಲಿನ್ ಪಾಕೊ ಜೊತೆ ಕೂರುವ ಮೊದಲು ‘ಶಕ್ತಿ’ ತಂಡದಲ್ಲಿ ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ ನುಡಿಸಿ ಬಂದವರು, ಅವರಿಗೆ ಲೆಕ್ಕದ ಅಂಜಿಕೆ ಇಲ್ಲ. ಆದರೆ ಲೆಕ್ಕ ಬಲ್ಲವರೆಲ್ಲರಿಗೂ ಕಂಪಾಸ್ ಬರುವುದಿಲ್ಲ. ಕಂಪಾಸ್ ಅನ್ನುವುದರಲ್ಲಿ ತಾಳವಿದೆ, ಒತ್ತಿದೆ, ಸ್ವರಮೇಳ ತಿರುಗುವ ಜಾಗವಿದೆ, ಎಲ್ಲಿ ಸುಮ್ಮನಿರಬೇಕು ಅನ್ನುವುದೂ ಇದೆ. ಅದಕ್ಕೇ ನಿನಗೆ ಹೇಳುವುದು, ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಚಪ್ಪಾಳೆ ಕಲಿ. ಪಾಲ್ಮಾಸ್ ಅಲ್ಲಿ ಒಂದು ಕಲೆ. ಗುಂಡಿ ಮಾಡಿದ ಅಂಗೈಯ ಮಂದ ಸದ್ದು ಬೇರೆ, ಬೆರಳುಗಳು ಅಂಗೈಗೆ ಬಡಿಯುವ ಚುರುಕು ಸದ್ದು ಬೇರೆ. ಹಾಡು ನಡೆಯುವಾಗ ಮಂದ, ನೃತ್ಯ ಕಾವೇರಿದಾಗ ಚುರುಕು. ಇನ್ನೊಬ್ಬರು ತಟ್ಟುವಾಗ ಅವರ ಎರಡೇಟಿನ ನಡುವೆ ನೀನು ತಟ್ಟಿ ನಿಲ್ಲಬಲ್ಲೆಯಾದರೆ ಗಿಟಾರು ಹಿಡಿಯಲು ಅರ್ಹತೆ ಬಂತು.

— ರಾಗದ ಕಡೆಯಿಂದ ನೋಡಿದರೆ ನಮಗೆ ಹತ್ತಿರವಲ್ಲವೇ? ಆ ಇ, ಎಫ್, ಜಿ ಸಾಲು ನಮ್ಮ ತೋಡಿಯ ಸ್ವರಗಳೇ ಅಲ್ಲವೇ?

— ಸ್ವರಗಳ ಪಟ್ಟಿ ಹನುಮತೋಡಿಯದೇ. ಆದರೆ ಕೊನೆಗೆ ನಿಲ್ಲುವುದು ಇ ಮೇಜರ್ ಮೇಲೆ, ಅಲ್ಲಿ ಅಂತರ ಗಾಂಧಾರ ಬಂದುಬಿಡುತ್ತದೆ. ಆಗ ವಕುಲಾಭರಣದ ನೆರಳು. ಹಾಡು ಇಳಿಯುವಾಗ ಸಾಧಾರಣ ಗಾಂಧಾರ, ನಿಲ್ಲುವಾಗ ಅಂತರ ಗಾಂಧಾರ. ಎರಡೂ ಒಟ್ಟಿಗೆ ಬದುಕುತ್ತವೆ. ಎ ಮೈನರ್, ಜಿ, ಎಫ್, ಇ ಅಂತ ಮೆಟ್ಟಿಲಿಳಿಯುವುದನ್ನು ನೀನು ನೂರು ಸಿನಿಮಾ ಹಾಡಿನಲ್ಲಿ ನುಡಿಸಿರುತ್ತೀಯ. ಆದರೆ ತೋಡಿ ಗೊತ್ತು ಅಂತ ಗಮಕ ಹಾಕಿ ನುಡಿಸಬೇಡ. ಅಲ್ಲಿನ ಹಾಡುಗಾರ ಗಂಟಲಲ್ಲಿ ಸ್ವರವನ್ನು ಬಳುಕಿಸುವ ಬಗೆಯೇ ಬೇರೆ, ಅದನ್ನು ಗಿಟಾರು ಬಲಗೈಯಲ್ಲಿ ಉತ್ತರಿಸುತ್ತದೆ, ಎಡಗೈಯಲ್ಲಲ್ಲ.

— ಫ್ಲಾಮೆಂಕೊ ಭಾರತದಿಂದಲೇ ಹೋದದ್ದು ಅಂತ ಬಹಳ ಜನ ಹೇಳುತ್ತಾರೆ. ಕಥಕ್ ಜೊತೆ ಸೇರಿಸಿ ವೇದಿಕೆ ಕಾರ್ಯಕ್ರಮಗಳೂ ನಡೆಯುತ್ತವೆ.

— ಫ್ಲಾಮೆಂಕೊವನ್ನು ಬೆಳೆಸಿದ ರೋಮಾ ಜನರ ಭಾಷೆ ಉತ್ತರ ಭಾರತದ ಭಾಷೆಗಳ ನೆಂಟ, ಅದರಲ್ಲಿ ಸಂದೇಹವಿಲ್ಲ. ಸ್ಪೇನಿನಲ್ಲಿ ಅವರ ಮೊದಲ ದಾಖಲೆ 1425ರದ್ದು. ಅರಗಾನ್ ದೊರೆ ಐದನೇ ಅಲ್ಫೋನ್ಸೊ ಕೊಟ್ಟ ರಹದಾರಿ ಪತ್ರ. ಆದರೆ ಫ್ಲಾಮೆಂಕೊ ಎಂಬ ಹೆಸರಿನ ಸಂಗೀತ ಕಾಣಿಸಿಕೊಳ್ಳುವುದು 19ನೇ ಶತಮಾನದ ನಡುವಿನಲ್ಲಿ, ಅದೂ ಆಂದಲೂಸಿಯಾದಲ್ಲಿ. ಕಾದಿಸ್, ಹೆರೆಸ್, ಸೆವಿಲ್‌ನ ತ್ರಿಯಾನಾ, ಈ ಸಣ್ಣ ವಲಯದ ನೆಲದಲ್ಲಿ. ನಡುವೆ ನಾಲ್ಕು ಶತಮಾನ ಕಳೆದಿವೆ. ಆ ನಾಲ್ಕು ಶತಮಾನದಲ್ಲಿ ಆ ಜನ ಏನೇನು ಕಂಡರು? 1749ರ ಜುಲೈಯಲ್ಲಿ ಸ್ಪೇನಿನ ಸರ್ಕಾರ ಗಿತಾನೊ, ಅಂದರೆ ಅಲ್ಲಿನ ರೋಮಾ ಕುಟುಂಬಗಳನ್ನು ದೇಶದಾದ್ಯಂತ ಸಾಮೂಹಿಕವಾಗಿ ಹಿಡಿದುಹಾಕಿತು. ಗಂಡಸರನ್ನು ನೌಕಾನೆಲೆಗಳ ಕೂಲಿಗೆ, ಹೆಂಗಸರನ್ನು ಮಕ್ಕಳ ಸಮೇತ ಬೇರೆಡೆಗೆ. ಸೆರೆಮನೆಯ ಹಾಡುಗಳನ್ನು ಕೇಳುವಾಗ ಇದು ನೆನಪಿರಬೇಕು. ಇಷ್ಟೆಲ್ಲ ನೋವು ಉಂಡು, ಆಂದಲೂಸಿಯಾದ ರೈತ ಹಾಡುಗಳ ಜೊತೆ, ಅಮೆರಿಕ ಖಂಡದಿಂದ ಕಾದಿಸ್ ಬಂದರಿಗೆ ಮರಳಿ ಬಂದ ಲಯಗಳ ಜೊತೆ ಬೆರೆತು ಹುಟ್ಟಿದ ಸಂಗೀತವನ್ನು ‘ಇದು ನಮ್ಮದೇ’ ಅನ್ನುವುದು ನ್ಯಾಯವಲ್ಲ. ಅದು ಅವರದು. ನಾವು ಕಲಿಯಲು ಹೋಗುವವರು.

— ಹಾಗಾದರೆ ಹೊರಗಿನವರಿಗೆ ಅದು ದಕ್ಕುತ್ತದೆಯೇ? ಅದೂ ನನ್ನಂತೆ ಬೇರೆ ಸಂಗೀತದಲ್ಲಿ ಮಾಗಿದ ಮೇಲೆ?

— ದಕ್ಕಿದೆ. ಸೆವಿಲ್ ಹತ್ತಿರ ಮೊರೋನ್ ದೆ ಲಾ ಫ್ರೊಂತೇರಾ ಅಂತ ಊರು. ಅಲ್ಲಿ ಡಿಯೇಗೊ ದೆಲ್ ಗಾಸ್ತೋರ್ ಎಂಬ ಗಿಟಾರು ವಾದಕರಿದ್ದರು. 1908ರಲ್ಲಿ ಹುಟ್ಟಿ 1973ರಲ್ಲಿ ತೀರಿಕೊಂಡವರು. ದೊಡ್ಡ ವೇದಿಕೆಗಳನ್ನು ಅರಸಿ ಹೋದವರಲ್ಲ, ವೇಗದ ಪ್ರದರ್ಶನವೂ ಅವರದಲ್ಲ. ಹೆಬ್ಬೆರಳಿನಲ್ಲಿ ನಾಲ್ಕು ಸ್ವರ ನುಡಿಸಿ ಕೋಣೆಯನ್ನೇ ಅಲ್ಲಾಡಿಸುತ್ತಿದ್ದ ಕೈ. ಫೆರ್ನಾಂದಾ ದೆ ಉತ್ರೇರಾ ಸೊಲೆಯಾ ಹಾಡಿದರೆ ಡಿಯೇಗೊ ಅವರ ಗಿಟಾರು ಎಷ್ಟು ಕಡಿಮೆ ನುಡಿಸುತ್ತದೆ ಅನ್ನುವುದನ್ನು ಗಮನಿಸು, ಎಷ್ಟು ಸರಿಯಾದ ಗಳಿಗೆಯಲ್ಲಿ ನುಡಿಸುತ್ತದೆ ಅನ್ನುವುದನ್ನೂ. 1960ರ ದಶಕದಲ್ಲಿ ಅಮೆರಿಕದಿಂದ ಗಿಟಾರು ವಾದಕರು ಆ ಸಣ್ಣ ಊರಿಗೆ ಹೋಗಿ ಅವರ ಹತ್ತಿರ ಕಲಿತರು. ಡೇವಿಡ್ ಸರ್ವಾ ಹೆಸರಿನಲ್ಲಿ ನುಡಿಸಿದ ಅಮೆರಿಕನ್ ವಾದಕ ಹಾಗೆ ಕಲಿತು, ಸ್ಪೇನಿನಲ್ಲೇ ಹಾಡುಗಾರರಿಗೆ, ನೃತ್ಯಕ್ಕೆ ನುಡಿಸಿ ಬಾಳಿದರು. ಅವರೆಲ್ಲ ಅಲ್ಲಿ ಹೋಗಿ ಕೂತರು, ಕಾದರು, ಹಾಡು ಕೇಳಿದರು. ಇವತ್ತಿಗೆ ದಾರಿ ಸುಲಭವಾಗಿದೆ. ರಾಟರ್‌ಡ್ಯಾಮ್‌ನ ಸಂಗೀತ ಶಾಲೆಯಲ್ಲಿ 1985ರಿಂದ ಫ್ಲಾಮೆಂಕೊ ಗಿಟಾರಿನ ಪದವಿ ಪಾಠವಿದೆ, ಪಾಕೊ ಪೇನ್ಯಾ ಕಟ್ಟಿದ್ದು. ಸೆವಿಲ್‌ನ ಕ್ರಿಸ್ಟೀನಾ ಹೀರೆನ್ ಪ್ರತಿಷ್ಠಾನದಲ್ಲಿ ಹಾಡು, ಗಿಟಾರು, ನೃತ್ಯ ಮೂರೂ ಒಂದೇ ಸೂರಿನಡಿ. ನನ್ನನ್ನು ಕೇಳಿದರೆ ಎರಡನೆಯದೇ ಸರಿ. ಪಕ್ಕದ ಕೋಣೆಯಲ್ಲಿ ಹಾಡುವವರು, ಕುಣಿಯುವವರು ಇರಬೇಕು.

— ಅವರ ಜೊತೆ ಕೂತರೆ ವಾದಕ ಏನು ಮಾಡಬೇಕಾಗುತ್ತದೆ? ನಿಮ್ಮ ಅನುಭವದಲ್ಲಿ ಹೇಳಿ.

— ಮೊದಲು ಹಾಡುಗಾರನ ಶ್ರುತಿ ಕೇಳಬೇಕು. ಗಿಟಾರಿನ ಕುತ್ತಿಗೆಗೆ ಕ್ಯಾಪೊ ಹಾಕಿ ಅವನ ಗಂಟಲಿಗೆ ಹೊಂದಿಸಬೇಕು. ಅವನು ‘ಪೋರ್ ಅರ್ರೀಬಾ, ನಾಲ್ಕಕ್ಕೆ’ ಅನ್ನುತ್ತಾನೆ. ಅಂದರೆ ಇ ಆಕಾರದ ಹಿಡಿತ, ಕ್ಯಾಪೊ ನಾಲ್ಕನೇ ಮನೆಯಲ್ಲಿ. ‘ಪೋರ್ ಮೇದಿಯೊ’ ಅಂದರೆ ಎ ಆಕಾರ. ಶ್ರುತಿಯ ಹೆಸರು ಯಾರಿಗೂ ಬೇಡ. ಹಾಡು ಶುರುವಾದ ಮೇಲೆ ನಿನ್ನ ಕಣ್ಣು ಅವನ ಬಾಯ ಮೇಲೆ. ಸೊಲೆಯಾದ ಪದ ಸಾಮಾನ್ಯವಾಗಿ ಒಂದು ಕಡೆ ಸಿ ಮೇಜರ್‌ಗೆ ಹೊರಳುತ್ತದೆ. ಯಾವ ಗಳಿಗೆಗೆ ಅನ್ನುವುದು ಅವನ ಇಚ್ಛೆ. ಆವತ್ತು ಅವನು ಒಂದು ಸಾಲನ್ನು ಎಳೆಯಬಹುದು, ಎರಡು ಸಲ ಹೇಳಬಹುದು. ಹೊರಳುವ ಮುನ್ನ ಗಂಟಲಲ್ಲಿ ಸುಳಿವಿರುತ್ತದೆ. ಆ ಸುಳಿವು ಹಿಡಿಯುವ ಕಿವಿ ಬೇಕು. ಅವನು ಉಸಿರೆಳೆಯುವಾಗ ನೀನೊಂದು ಉತ್ತರ ಕೊಡಬಹುದು, ಹಾಡುವಾಗ ಅಲ್ಲ. ಅವನು ನಿಂತಾಗ ಒಂದು ಫಾಲ್ಸೇತಾ, ಅಂದರೆ ಗಿಟಾರಿನ ಸಣ್ಣ ಸ್ವಂತ ಮಾತು, ಆದರೆ ಅವನ ಹಾಡಿನ ಮನಸ್ಸನ್ನು ಮುರಿಯದಂಥದ್ದು. ನೃತ್ಯಗಾರ್ತಿಯದ್ದು ಇನ್ನೊಂದು ಭಾಷೆ. ಅವಳು ಪಾದದಲ್ಲಿ ಒಂದು ಕರೆ ಕೊಡುತ್ತಾಳೆ, ಅದರರ್ಥ ‘ಈಗ ಮುಗಿಸುತ್ತೇನೆ, ನನ್ನ ಜೊತೆ ನಿಲ್ಲು’. ನೀನು ನಿಲ್ಲದಿದ್ದರೆ ಅವಳ ಶ್ರಮವೆಲ್ಲ ಗಾಳಿಗೆ. ಪಾದದ ಕೆಲಸ ಉದ್ದಕ್ಕೆ ನಡೆಯುವಾಗ ಒಂದೇ ಸಣ್ಣ ಸಾಲನ್ನು ಹಿಡಿದು, ಅವಳು ವೇಗ ಏರಿಸಿದಂತೆ ಏರಿಸಬೇಕು. ಅದೇ ಸಾಲನ್ನು ಎಷ್ಟು ಸಲ ನುಡಿಸಬೇಕಾಗುತ್ತದೋ ಅಷ್ಟು ಸಲ, ಬೇಸರವಿಲ್ಲದೆ. ನನಗೆ ಗಿಟಾರು ಕಲಿಸಿದ್ದು ಆ ನೃತ್ಯ ತರಗತಿಗಳು. ಒಂಟಿಯಾಗಿ ನುಡಿಸುವಾಗಲೂ ಕಾಣದ ಪಾದವೊಂದು ನನ್ನೆದುರು ಇರುತ್ತದೆ.

— ಇಷ್ಟೆಲ್ಲ ಕೇಳಿದ ಮೇಲೆ ನನ್ನ ಹಳೆಯ ವಿದ್ಯೆ ಹೊರೆಯೇ ಅನ್ನಿಸುತ್ತಿದೆ.

— ಹಾಗೆ ತಿಳಿಯಬೇಡ. ಪಾಕೊ ಅವರನ್ನೇ ನೋಡು, ಅವರೂ ನಿನ್ನ ಜಾಗದಲ್ಲಿ ನಿಂತವರು. ಮೆಕ್ಲಾಫ್ಲಿನ್ ಜೊತೆ ಕೂತಾಗ ಜಾಝ್ ಸ್ವರಮೇಳಗಳ ಮೇಲೆ ಆಶುವಾಗಿ ನುಡಿಸುವುದು ಅವರಿಗೆ ಹೊಸದು. ಆ ಹೊತ್ತಿಗೆ ಸ್ಪೇನಿನ ಮೊದಲ ಸಾಲಿನ ವಾದಕ. ಆದರೂ ತಾನೇ ಅವರಿಂದ ಕಲಿಯುತ್ತಿದ್ದೆ ಅಂತ ಹೇಳಿಕೊಂಡರು. 1991ರಲ್ಲಿ ರಚನಕಾರ ರೋದ್ರಿಗೊ ಅವರ ‘ಕೊನ್ಸಿಯೆರ್ತೊ ದೆ ಅರಾನ್‌ಹ್ವೆಸ್’ ನುಡಿಸಿದರು. ಸ್ವರಲಿಪಿ ಓದುವ ಅಭ್ಯಾಸ ಅವರಿಗಿರಲಿಲ್ಲ. ಕಷ್ಟಪಟ್ಟು ಒಂದೊಂದೇ ಸಾಲು ಬಿಡಿಸಿಕೊಂಡು ಕಲಿತರು. ನುಡಿಸಿದಾಗ ರೋದ್ರಿಗೊ ಅವರೇ ಸಭೆಯಲ್ಲಿದ್ದರು. ಆ ಧ್ವನಿಮುದ್ರಣದಲ್ಲಿ ಶಾಸ್ತ್ರೀಯ ವಾದಕರ ನುಣುಪು ಸಿಗದು, ಆದರೆ ಲಯದ ನಡಿಗೆ ಆ ಕೃತಿಗೆ ಎಷ್ಟು ಮುಖ್ಯ ಅನ್ನುವುದು ಅಲ್ಲಿ ಕೇಳುತ್ತದೆ. ತನ್ನ ಹಳೆಯ ವಿದ್ಯೆಯನ್ನು ಅವರು ಬಿಟ್ಟು ಹೋಗಲಿಲ್ಲ. ನಿನಗೂ ನಿನ್ನ ಕಿವಿ ಇದೆ, ಸ್ವರಮೇಳ ಥಟ್ಟನೆ ಗುರುತಿಸುತ್ತೀಯ, ದಿನಾ ಕೂರುವ ಶಿಸ್ತು ಇದೆ. ಹೊಸಬರಿಗೆ ಇವು ಬರಲು ವರ್ಷಗಳು ಬೇಕು. ತಪ್ಪು ನುಡಿಸಲು ನಾಚದಿದ್ದರೆ ಸಾಕು. ಹದಿನೆಂಟರ ಹುಡುಗಿ ಚಪ್ಪಾಳೆ ತಟ್ಟುತ್ತಾ ನಿನ್ನನ್ನು ತಿದ್ದಿದಾಗ ತಿದ್ದಿಸಿಕೊಳ್ಳಬೇಕು.

— ನಾಳೆಯಿಂದಲೇ ಏನು ಮಾಡಲಿ?

— ಗಿಟಾರಿನ ಒಂಟಿ ಮುದ್ರಿಕೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡು. ಕಮರೋನ್, ಫೆರ್ನಾಂದಾ ದೆ ಉತ್ರೇರಾ, ಅಂತೋನಿಯೊ ಮೈರೇನಾ ಈ ಹಾಡುಗಾರರನ್ನು ಕೇಳು. ಕೇಳುವಾಗ ಕೈಯಲ್ಲಿ ಹನ್ನೆರಡು ತಟ್ಟು. ಹತ್ತರಲ್ಲಿ ಹಾಡು ಮನೆ ಸೇರುವುದು ತಪ್ಪದೆ ಕೇಳಿಸತೊಡಗಿದ ದಿನ ಗಿಟಾರು ತೆಗೆದುಕೊಂಡು ಬಾ. ಊರಿನಲ್ಲಿ ಫ್ಲಾಮೆಂಕೊ ನೃತ್ಯ ಕಲಿಸುವವರು ಎಲ್ಲಾದರೂ ಇದ್ದರೆ ಹೋಗಿ, ಮೂಲೆಯಲ್ಲಿ ಕೂತು ಅವರಿಗೆ ನುಡಿಸುತ್ತೇನೆ ಅನ್ನು. ಸಂಬಳ ಕೇಳಬೇಡ, ಕಲಿಯುವವನು ನೀನು.